ರಾಜನೊಲ್ಲದ ರೋಮ್‌ಗೆ ಒಡೆಯ ಬಂದ ಬಗೆ



ರೋಮನ್ ಗಣರಾಜ್ಯ ಮುಗಿದು ಸಾಮ್ರಾಜ್ಯ ಶುರುವಾದದ್ದು ಯಾವಾಗ ಎಂದು ಪರೀಕ್ಷೆಯಲ್ಲಿ ಕೇಳಿದರೆ ಕ್ರಿ.ಪೂ. 27 ಎಂದು ಬರೆದು ಅಂಕ ಪಡೆಯಬಹುದು. ಉತ್ತರ ತಪ್ಪೇನಲ್ಲ. ಆದರೆ ಆ ವರ್ಷದ ಜನವರಿ 13ರಂದು ಸೆನೆಟ್ ಸಭೆಯಲ್ಲಿ ಕುಳಿತಿದ್ದವರ ಕಿವಿಗೆ ಬಿದ್ದದ್ದು ಇದಕ್ಕೆ ತದ್ವಿರುದ್ಧವಾದ ಮಾತು. ಮೂವತ್ತೈದು ವರ್ಷದ ಒಬ್ಬ ಮನುಷ್ಯ ಎದ್ದು ನಿಂತು, ತನ್ನ ಕೈಯಲ್ಲಿದ್ದ ಸೈನ್ಯ, ಪ್ರಾಂತ್ಯ, ಅಧಿಕಾರ ಎಲ್ಲವನ್ನೂ ಸೆನೆಟ್‌ಗೂ ಜನರಿಗೂ ಹಿಂದಿರುಗಿಸುತ್ತಿದ್ದೇನೆ ಎಂದು ಹೇಳಿದ. ಗಣರಾಜ್ಯ ಮರಳಿ ಬಂತು ಎಂಬುದೇ ಅಂದಿನ ಸುದ್ದಿ. ಸದಸ್ಯರು ಹಾಗೆ ಮಾಡಬೇಡ, ನಮ್ಮ ಕೈ ಬಿಡಬೇಡ ಎಂದು ಗೋಗರೆದರು. ಕೆಲವರು ಮನಸ್ಸಾರೆ, ಕೆಲವರು ಅಂಜಿಕೊಂಡು, ಇನ್ನು ಕೆಲವರು ಮೊದಲೇ ಹೇಳಿಕೊಟ್ಟಂತೆ. ಒಲ್ಲೆ ಒಲ್ಲೆ ಎನ್ನುತ್ತಲೇ ಆತ ಸ್ಪೇನ್, ಗಾಲ್, ಸಿರಿಯಾದಂಥ ಗಡಿ ಪ್ರಾಂತ್ಯಗಳನ್ನು ಹತ್ತು ವರ್ಷದ ಮಟ್ಟಿಗೆ ಒಪ್ಪಿಕೊಂಡ. ಸೈನ್ಯದ ಬಹುಪಾಲು ಇದ್ದದ್ದೂ ಅಲ್ಲಿಯೇ. ಮೂರು ದಿನ ಕಳೆದ ಮೇಲೆ ಸೆನೆಟ್ ಅವನಿಗೆ ಆಗಸ್ಟಸ್ ಎಂಬ ಬಿರುದು ಕೊಟ್ಟಿತು.

ರೋಮ್‌ನಲ್ಲಿ ಗಣರಾಜ್ಯವನ್ನು ಯಾರೂ ರದ್ದು ಮಾಡಲಿಲ್ಲ. ರದ್ದು ಮಾಡುವ ಕಾಯಿದೆ ಬರಲಿಲ್ಲ, ಸೆನೆಟ್‌ಗೆ ಬೀಗ ಬೀಳಲಿಲ್ಲ. ಪ್ರತಿ ಹೆಜ್ಜೆಗೂ ಒಂದು ಹಿಂದಿನ ನಿದರ್ಶನ ಇತ್ತು, ಹೆಚ್ಚುಕಡಿಮೆ ಪ್ರತಿ ಹೆಜ್ಜೆಗೂ ಒಂದು ಮತದಾನವೂ ಆಗಿತ್ತು. ಹಾಗಾದರೆ ಕೆಟ್ಟದ್ದೆಲ್ಲಿ? ಯುದ್ಧ ಮುಗಿಸಿ ಮನೆಗೆ ಬಂದ ಬಡ ಸೈನಿಕನಿಗೆ ಹೊಟ್ಟೆಪಾಡಿಗೆ ಯಾರು ದಾರಿ ಮಾಡಬೇಕು ಎಂಬ ಒಂದು ಪ್ರಶ್ನೆ ಇತ್ತು. ಅದಕ್ಕೆ ಗಣರಾಜ್ಯ ನೂರು ವರ್ಷ ಉತ್ತರ ಕೊಡಲಿಲ್ಲ. ಕೊನೆಗೆ ಉತ್ತರ ಕೊಟ್ಟವನೇ ಒಡೆಯನಾದ. ನನ್ನ ಮಾತಿನ ಸಾರ ಇಷ್ಟೇ. ಇನ್ನುಳಿದದ್ದು ಅದು ಹೇಗಾಯಿತು ಎಂಬ ಕಥೆ.

ರೋಮನ್ನರಿಗೆ ರಾಜ ಎಂದರೆ ಆಗುತ್ತಿರಲಿಲ್ಲ. ಕ್ರಿ.ಪೂ. 509ರಲ್ಲಿ ಕೊನೆಯ ರಾಜ ಟಾರ್ಕ್ವಿನ್‌ನನ್ನು ಓಡಿಸಿದೆವು ಎಂದು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಆಮೇಲೆ ಕಟ್ಟಿದ ವ್ಯವಸ್ಥೆಯ ತುಂಬ ಒಂದೇ ಎಚ್ಚರ: ಯಾರೊಬ್ಬನ ಕೈಗೂ ಎಲ್ಲವೂ ಸಿಗಬಾರದು. ರಾಜನ ಜಾಗಕ್ಕೆ ಇಬ್ಬರು ಕಾನ್ಸುಲ್‌ಗಳು ಬಂದರು. ಅವರ ಅವಧಿ ಒಂದೇ ವರ್ಷ. ಒಬ್ಬ ಹೂಂ ಎಂದದ್ದನ್ನು ಇನ್ನೊಬ್ಬ ಊಹೂಂ ಎಂದು ತಡೆಯಬಹುದು. ಜನಸಾಮಾನ್ಯರ ಪರವಾಗಿ ಹತ್ತು ಮಂದಿ ಟ್ರಿಬ್ಯೂನ್‌ಗಳು ಇರುತ್ತಿದ್ದರು. ಅವರ ಮೈ ಮುಟ್ಟುವುದು ದೇವರಿಗೆ ಅಪಚಾರ ಮಾಡಿದಂತೆ. ಅವರಲ್ಲಿ ಒಬ್ಬ ಬೇಡ ಎಂದರೂ ಯಾವ ಕೆಲಸವೂ ಅಲ್ಲೇ ನಿಲ್ಲುತ್ತಿತ್ತು. ತುರ್ತು ಬಂದರೆ ಸರ್ವಾಧಿಕಾರಿಯನ್ನು ನೇಮಿಸಬಹುದಿತ್ತು, ಆದರೆ ಆರು ತಿಂಗಳಿಗೆ ಮಾತ್ರ. ಕಾನ್ಸುಲ್ ಆಗಲು ಕನಿಷ್ಠ ನಲವತ್ತೆರಡು ವರ್ಷ ವಯಸ್ಸಾಗಿರಬೇಕು. ಈ ನಲವತ್ತೆರಡನ್ನು ಸ್ವಲ್ಪ ನೆನಪಿನಲ್ಲಿಡಿ.

ಒಂದು ಊರನ್ನೂ ಅದರ ಸುತ್ತಲ ಹೊಲಗಳನ್ನೂ ಆಳಲು ಇದು ಒಳ್ಳೆಯ ಏರ್ಪಾಡು. ಆದರೆ ಕ್ರಿ.ಪೂ. 146ರ ಹೊತ್ತಿಗೆ ಕಾರ್ಥೇಜ್ ಸುಟ್ಟು ಬೂದಿಯಾಗಿತ್ತು, ಗ್ರೀಸಿನ ಕೊರಿಂಥ್ ನೆಲಸಮವಾಗಿತ್ತು, ಸ್ಪೇನ್‌ನಿಂದ ಏಜಿಯನ್ ಸಮುದ್ರದವರೆಗೆ ರೋಮ್ ಹೇಳಿದ್ದೇ ಶಾಸನವಾಗಿತ್ತು. ಆ ಯುದ್ಧಗಳಲ್ಲಿ ಹೋರಾಡಿದವರು ಯಾರು? ಸಣ್ಣ ರೈತರು. ಸ್ವಂತ ಆಸ್ತಿ ಇದ್ದವನಷ್ಟೇ ಸೈನಿಕನಾಗಬೇಕು ಎಂಬುದು ಹಳೆಯ ಕಟ್ಟಳೆ. ಬೇಸಿಗೆಯಲ್ಲಿ ಪಕ್ಕದೂರಿನ ಮೇಲೆ ದಂಡೆತ್ತಿ ಹೋಗಿ ಸುಗ್ಗಿಗೆ ಮನೆಗೆ ಬರುವ ಕಾಲಕ್ಕೆ ಅದು ಸರಿ. ಸ್ಪೇನ್‌ನಲ್ಲಿ ವರ್ಷಗಟ್ಟಲೆ ಕಾದಾಡಿ ಬಂದವನಿಗೆ ಹೊಲ ಪಾಳು ಬಿದ್ದಿರುತ್ತಿತ್ತು, ಇಲ್ಲವೇ ಪಕ್ಕದ ಶ್ರೀಮಂತನ ಪಾಲಾಗಿರುತ್ತಿತ್ತು. ಅದರಲ್ಲಿ ದುಡಿಯುತ್ತಿದ್ದವರು ಅವನೇ ಗೆದ್ದ ಯುದ್ಧದಲ್ಲಿ ಸೆರೆಸಿಕ್ಕು ಗುಲಾಮರಾದವರು.

ಕ್ರಿ.ಪೂ. 133ರಲ್ಲಿ ಟೈಬೀರಿಯಸ್ ಗ್ರಾಕಸ್ ಎಂಬ ದೊಡ್ಡ ಮನೆತನದ ಯುವಕ ಟ್ರಿಬ್ಯೂನ್ ಆಗಿ, ಸರ್ಕಾರಿ ಭೂಮಿಯನ್ನು ಯಾರೂ 500 ಯುಗೆರಾಕ್ಕಿಂತ ಹೆಚ್ಚು, ಅಂದರೆ ಸುಮಾರು 310 ಎಕರೆಗಿಂತ ಹೆಚ್ಚು ಇಟ್ಟುಕೊಳ್ಳಬಾರದು, ಮಿಕ್ಕದ್ದನ್ನು ಭೂಮಿಯಿಲ್ಲದವರಿಗೆ ಹಂಚಬೇಕು ಎಂಬ ಕಾಯಿದೆ ತಂದ. ಭೂಸುಧಾರಣೆಯ ಜಗಳಗಳನ್ನು ಕಂಡ ನಮಗೆ ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭೂಮಿ ಇದ್ದವರು ಇನ್ನೊಬ್ಬ ಟ್ರಿಬ್ಯೂನ್‌ನಿಂದ ತಡೆ ಹಾಕಿಸಿದರು. ಟೈಬೀರಿಯಸ್ ಜನರ ಮತ ಪಡೆದು ಆ ಸಹೋದ್ಯೋಗಿಯನ್ನೇ ಹುದ್ದೆಯಿಂದ ಇಳಿಸಿಬಿಟ್ಟ. ಅಂಥದ್ದು ಹಿಂದೆಂದೂ ಆಗಿರಲಿಲ್ಲ. ತಾನು ಮರುವರ್ಷವೂ ಟ್ರಿಬ್ಯೂನ್ ಆಗುತ್ತೇನೆಂದು ಚುನಾವಣೆಗೆ ನಿಂತ. ರಾಜನಾಗಲು ಹೊರಟಿದ್ದಾನೆ ಎಂದು ಗುಲ್ಲೆದ್ದಿತು. ಪ್ರಧಾನ ಅರ್ಚಕನಾಗಿದ್ದ ಸಿಪಿಯೊ ನಾಸಿಕ ಮುಂದಾಳಾಗಿ ಸೆನೆಟರ್‌ಗಳು ಸಭೆಗೆ ನುಗ್ಗಿ, ಅಲ್ಲೇ ಮುರಿದು ಬಿದ್ದಿದ್ದ ಬೆಂಚುಗಳ ಕಾಲುಗಳನ್ನು ಹಿಡಿದು ಬಡಿದರು. ಟೈಬೀರಿಯಸ್‌ನೊಂದಿಗೆ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಒಬ್ಬನೂ ಕತ್ತಿಯೇಟಿಗೆ ಸಾಯಲಿಲ್ಲ, ಎಲ್ಲರೂ ಕೋಲು ಕಲ್ಲುಗಳಿಗೇ ಬಲಿಯಾದರು ಎಂದು ಜೀವನಚರಿತ್ರೆಕಾರ ಪ್ಲುಟಾರ್ಕ್ ಬರೆಯುತ್ತಾನೆ. ಹೆಣಗಳನ್ನು ಟೈಬರ್ ನದಿಗೆ ಎಸೆದರು.

ಹತ್ತು ವರ್ಷದ ಮೇಲೆ ತಮ್ಮ ಗಾಯಸ್ ಗ್ರಾಕಸ್ ಅದೇ ಹುದ್ದೆಗೆ ಬಂದ. ಅಣ್ಣನಿಗಿಂತ ಬುದ್ಧಿವಂತ, ಮಾತುಗಾರ. ಪಟ್ಟಣದ ಬಡವರಿಗೆ ಕಡಿಮೆ ದರದಲ್ಲಿ ಧಾನ್ಯ ಕೊಡುವ ಕಾಯಿದೆ ಅವನದು. ಕ್ರಿ.ಪೂ. 121ರಲ್ಲಿ ಸೆನೆಟ್ ಮೊದಲ ಬಾರಿಗೆ ಒಂದು ತುರ್ತು ನಿರ್ಣಯ ಮಾಡಿ, ಗಣರಾಜ್ಯಕ್ಕೆ ಕೇಡಾಗದಂತೆ ನೋಡಿಕೋ ಎಂದು ಕಾನ್ಸುಲ್ ಒಪಿಮಿಯಸ್‌ಗೆ ಪೂರ್ತಿ ಅಧಿಕಾರ ಕೊಟ್ಟಿತು. ಗಾಯಸ್‌ನ ತಲೆ ತಂದವರಿಗೆ ಆ ತಲೆಯ ತೂಕದಷ್ಟು ಬಂಗಾರ ಎಂದು ಆತ ಡಂಗುರ ಸಾರಿಸಿದ. ಸೆಪ್ಟಿಮುಲಿಯಸ್ ಎಂಬವನು ತಲೆಯನ್ನು ತಂದು ತಕ್ಕಡಿಯಲ್ಲಿಟ್ಟ. ಹದಿನೇಳೂ ಚಿಲ್ಲರೆ ರೋಮನ್ ಪೌಂಡ್ ತೂಗಿತು. ಆಮೇಲೆ ನೋಡಿದರೆ ಆತ ಮಿದುಳು ತೆಗೆದು ಒಳಗೆ ಸೀಸ ಕರಗಿಸಿ ಹೊಯ್ದಿದ್ದ. ಗಾಯಸ್‌ನ ಕಡೆಯವರು ಮೂರು ಸಾವಿರ ಮಂದಿ ಸತ್ತರು. ಮರುವರ್ಷ ವಿಚಾರಣೆ ನಡೆದು ಒಪಿಮಿಯಸ್ ನಿರ್ದೋಷಿ ಎಂದು ತೀರ್ಪಾಯಿತು. ಇಷ್ಟೆಲ್ಲ ಆದಮೇಲೆ ಅವನು ಊರ ನಡುವಿನ ಚೌಕವಾದ ಫೋರಂನಲ್ಲಿ ಕಟ್ಟಿಸಿದ್ದು ಯಾವ ದೇವಾಲಯ ಗೊತ್ತೇ? ಸಾಮರಸ್ಯ ದೇವತೆಯದು.

ಸೀಸರ್ ಗಣರಾಜ್ಯವನ್ನು ಕೊಂದ ಎಂದು ಹೇಳುವವರಿಗೆ ನಾನು ಈ ತಕ್ಕಡಿಯನ್ನು ತೋರಿಸುತ್ತೇನೆ. ಸೀಸರ್ ಆಗ ಹುಟ್ಟಿಯೇ ಇರಲಿಲ್ಲ.

ಭೂಮಿಯ ಪ್ರಶ್ನೆ ಹಾಗೇ ಉಳಿಯಿತು. ಆಸ್ತಿ ಇರುವ ರೈತರು ಕಡಿಮೆಯಾದರು, ಸೈನ್ಯಕ್ಕೆ ಜನ ಸಿಗದಾಯಿತು. ಕ್ರಿ.ಪೂ. 107ರಲ್ಲಿ ಕಾನ್ಸುಲ್ ಆದ ಮಾರಿಯಸ್ ಈ ಗಂಟನ್ನು ಬಿಚ್ಚುವ ಗೋಜಿಗೆ ಹೋಗದೆ ಕತ್ತರಿಸಿದ. ಆಸ್ತಿ ಇಲ್ಲದಿದ್ದರೂ ಪರವಾಗಿಲ್ಲ, ಬಂದು ಸೇರಿ ಎಂದ. ಬಡವರು ಸೇರಿದರು, ಚೆನ್ನಾಗಿ ಕಾದಾಡಿದರು. ಆದರೆ ಅವರಿಗೆ ವಾಪಸ್ ಹೋಗಲು ಹೊಲವಿರಲಿಲ್ಲ. ಯುದ್ಧ ಮುಗಿದ ಮೇಲೆ ನಮಗೇನು ಎಂದು ಅವರು ಕೇಳಿದರೆ, ಸೆನೆಟ್ ಅದು ನಮಗೆ ಸೇರಿದ್ದಲ್ಲ ಎಂಬಂತೆ ಮುಖ ತಿರುಗಿಸುತ್ತಿತ್ತು. ಹಾಗಾಗಿ ಅವರು ತಮ್ಮ ಸೇನಾಪತಿಯ ಮುಖ ನೋಡಿದರು. ಮಾರಿಯಸ್ ಏಳು ಸಲ ಕಾನ್ಸುಲ್ ಆದ, ಅದರಲ್ಲಿ ಐದು ಸಲ ಒಂದರ ಹಿಂದೊಂದರಂತೆ. ಒಂದು ವರ್ಷದ ಕಟ್ಟಳೆ ಪುಸ್ತಕದಲ್ಲಿ ಉಳಿಯಿತು.

ಇದರ ಫಲ ಕಾಣಿಸಿಕೊಂಡದ್ದು ಕ್ರಿ.ಪೂ. 88ರಲ್ಲಿ. ಏಷ್ಯಾ ಮೈನರಿನ ಮಿಥ್ರಿಡೇಟಿಸ್ ರಾಜನ ಮೇಲಿನ ಯುದ್ಧ ಆ ವರ್ಷದ ಕಾನ್ಸುಲ್ ಸುಲ್ಲಾನ ಪಾಲಿಗೆ ಬಂದಿತ್ತು. ಒಬ್ಬ ಟ್ರಿಬ್ಯೂನ್ ಜನರ ಮತ ಪಡೆದು ಅದನ್ನು ಕಿತ್ತು ಮುದಿ ಮಾರಿಯಸ್‌ಗೆ ಕೊಡಿಸಿದ. ಸುಲ್ಲಾ ನೋಲಾ ಪಟ್ಟಣದ ಬಳಿ ಬೀಡುಬಿಟ್ಟಿದ್ದ ತನ್ನ ಸೈನ್ಯದ ಮುಂದೆ ನಿಂತು ಆದ ಅನ್ಯಾಯವನ್ನು ಹೇಳಿಕೊಂಡ. ಸೈನಿಕರಿಗೆ ಅರ್ಥವಾದದ್ದು ಇಷ್ಟು: ಪೂರ್ವದ ದೇಶಗಳಲ್ಲಿ ಕೊಳ್ಳೆ ದಂಡಿಯಾಗಿದೆ, ಮಾರಿಯಸ್ ಬಂದರೆ ಬೇರೆ ಸೈನಿಕರನ್ನು ಕರೆದೊಯ್ಯುತ್ತಾನೆ. ಪಡೆಯನ್ನು ವಶಕ್ಕೆ ತೆಗೆದುಕೊಳ್ಳಲು ಬಂದ ಅಧಿಕಾರಿಗಳಿಗೆ ಕಲ್ಲು ಹೊಡೆದು ಸಾಯಿಸಿ, ನಮ್ಮನ್ನು ರೋಮ್‌ಗೆ ನಡೆಸು ಎಂದರು. ರೋಮ್‌ನ ಮೇಲೆ ರೋಮನ್ ಸೈನ್ಯ ನುಗ್ಗಿದ್ದು ಅದೇ ಮೊದಲು. ಸುಲ್ಲಾನ ಜೊತೆಗಿದ್ದ ಮೇಲಧಿಕಾರಿಗಳಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಹೇಸಿ ಅವನನ್ನು ತೊರೆದು ಹೋದರು. ಸಾಮಾನ್ಯ ಸೈನಿಕರು ಆರು ಲೀಜನ್‌ಗಳಷ್ಟು, ಅಂದರೆ ಆರು ದೊಡ್ಡ ದಳಗಳಷ್ಟು ಮಂದಿ ಹಿಂದೆ ಹೊರಟರು. ಮೇಲಧಿಕಾರಿಗಳಿಗೆ ಗಣರಾಜ್ಯದಲ್ಲಿ ಪಾಲಿತ್ತು, ಅದು ಹಾಳಾಗುವುದು ಅವರಿಗೆ ಬೇಡವಾಗಿತ್ತು. ಇವರಿಗೆ ಕಳೆದುಕೊಳ್ಳಲು ಏನಿತ್ತು?

ಪೂರ್ವದ ಯುದ್ಧ ಮುಗಿಸಿ ಬಂದ ಸುಲ್ಲಾ ಮತ್ತೊಮ್ಮೆ ರೋಮ್ ಹಿಡಿದು, ಕ್ರಿ.ಪೂ. 82ರಲ್ಲಿ ಗಡುವಿಲ್ಲದ ಸರ್ವಾಧಿಕಾರಿಯಾದ. ಫೋರಂನಲ್ಲಿ ಹೆಸರುಗಳ ಪಟ್ಟಿ ತೂಗುಹಾಕಿಸಿದ. ಪಟ್ಟಿಯಲ್ಲಿ ಹೆಸರಿದ್ದವನನ್ನು ಯಾರು ಬೇಕಾದರೂ ಕೊಲ್ಲಬಹುದು, ಕೊಂದವನಿಗೆ ಬಹುಮಾನ, ಸತ್ತವನ ಆಸ್ತಿ ಹರಾಜು. ಆಸ್ತಿಗೋಸ್ಕರವೇ ಸತ್ತವರು ಎಷ್ಟೋ ಮಂದಿ. ಆ ಭೂಮಿಯಲ್ಲಿ ಸುಲ್ಲಾ ತನ್ನ ಹಳೆಯ ಸೈನಿಕರಿಗೆ ಪಾಲು ಕೊಟ್ಟ. ವಿಚಿತ್ರವೆಂದರೆ, ಅವನು ಸೆನೆಟ್‌ನ ಹಳೆಯ ಹಿಡಿತವನ್ನು ಮತ್ತೆ ಗಟ್ಟಿಮಾಡಲೆಂದೇ ಇಷ್ಟೂ ಮಾಡಿದ. ಕಾಯಿದೆಗಳನ್ನೆಲ್ಲ ಒಪ್ಪಮಾಡಿ, ತಾನೇ ಅಧಿಕಾರ ಬಿಟ್ಟು ಮನೆಗೆ ಹೋದ. ಆದರೆ ಹುಡುಗರು ಓದಿದ್ದು ಅವನ ಕಾಯಿದೆಗಳನ್ನಲ್ಲ, ಅವನು ನಡೆದು ಬಂದ ದಾರಿಯನ್ನು.

ಆ ಹುಡುಗರಲ್ಲಿ ಮೊದಲನೆಯವನು ಪಾಂಪೆ. ಯಾವ ಹುದ್ದೆಯನ್ನೂ ಹಿಡಿಯದೆ, ಸ್ವಂತ ಸೈನ್ಯ ಕಟ್ಟಿಕೊಂಡೇ ಮೇಲೆ ಬಂದವನು. ಮೂವತ್ತೈದಕ್ಕೆ ಕಾನ್ಸುಲ್ ಆದ. ಕ್ರಿ.ಪೂ. 67ರಲ್ಲಿ ಕಡಲ್ಗಳ್ಳರ ಕಾಟ ತಾಳಲಾರದೆ ಜನರು ಇಡೀ ಮೆಡಿಟರೇನಿಯನ್ ಸಮುದ್ರವನ್ನೂ ದಡದಿಂದ ಒಳಕ್ಕೆ 50 ಮೈಲಿಯಷ್ಟು ನೆಲವನ್ನೂ ಮೂರು ವರ್ಷಕ್ಕೆಂದು ಅವನ ಕೈಗೆ ಕೊಟ್ಟರು. ಮೂರು ತಿಂಗಳಲ್ಲಿ ಕೆಲಸ ಮುಗಿಯಿತು. ಮುಂದೆ ಪೂರ್ವದ ಯುದ್ಧವನ್ನೂ ಗೆದ್ದು ಕ್ರಿ.ಪೂ. 62ರಲ್ಲಿ ಬಂದಾಗ, ಇನ್ನೊಬ್ಬ ಸುಲ್ಲಾ ಬಂದ ಎಂದು ರೋಮ್ ನಡುಗುತ್ತಿತ್ತು. ಪಾಂಪೆ ಬಂದರಿನಲ್ಲೇ ಸೈನ್ಯವನ್ನು ವಿಸರ್ಜಿಸಿಬಿಟ್ಟ! ಅವನು ಕೇಳಿದ್ದು ಎರಡೇ: ಪೂರ್ವದಲ್ಲಿ ತಾನು ಮಾಡಿದ ಏರ್ಪಾಡುಗಳಿಗೆ ಒಪ್ಪಿಗೆ, ತನ್ನ ಸೈನಿಕರಿಗೆ ಭೂಮಿ. ಸೆನೆಟರ್ ಕೇಟೊ ಮೊದಲಾದವರು ಎರಡನ್ನೂ ವರ್ಷಗಟ್ಟಲೆ ಎಳೆದಾಡಿಸಿದರು. ಕೇಟೊನ ಪ್ರಾಮಾಣಿಕತೆಯನ್ನು ಹೊಗಳುವವರು ಬಹಳ. ನನಗೆ ಮಾತ್ರ ಇಲ್ಲಿ ಅವನ ಮೇಲೆ ಸಿಟ್ಟು ಬರುತ್ತದೆ. ಕಾನೂನಿಗೆ ತಲೆಬಾಗಿ ಬಂದ ಸೇನಾಪತಿಯನ್ನು ಹೀಗೆ ನಡೆಸಿಕೊಂಡರೆ ಮುಂದಿನವನು ಯಾಕೆ ಸೈನ್ಯ ಬಿಟ್ಟು ಬಂದಾನು?

ಪಾಂಪೆ ಹೋಗಿ ಜೂಲಿಯಸ್ ಸೀಸರ್ ಮತ್ತು ಕುಬೇರನಾದ ಕ್ರಾಸಸ್ ಜೊತೆ ಕೈಜೋಡಿಸಿದ. ಕ್ರಿ.ಪೂ. 59ರಲ್ಲಿ ಕಾನ್ಸುಲ್ ಆದ ಸೀಸರ್, ಸೈನಿಕರಿಗೆ ಭೂಮಿ ಕೊಡುವ ಕಾಯಿದೆಯನ್ನು ಬಲಾತ್ಕಾರದಿಂದ ಮಾಡಿಸಿದ. ತಡೆಯಲು ಬಂದ ಜೊತೆ ಕಾನ್ಸುಲ್ ಬಿಬುಲಸ್‌ನ ತಲೆಯ ಮೇಲೆ ಯಾರೋ ಒಂದು ಬುಟ್ಟಿ ಸಗಣಿ ಸುರಿದರು. ಪಾಪ, ಅವನು ವರ್ಷವಿಡೀ ಮನೆಯಲ್ಲೇ ಕುಳಿತು, ಆಕಾಶದಲ್ಲಿ ಅಪಶಕುನ ಕಾಣುತ್ತಿದೆ, ಸಭೆ ನಡೆಸಕೂಡದು ಎಂದು ಹೇಳಿ ಕಳಿಸುತ್ತಿದ್ದ. ಆ ವರ್ಷದ ಕಾನ್ಸುಲ್‌ಗಳು ಜೂಲಿಯಸ್ ಮತ್ತು ಸೀಸರ್ ಎಂದು ಊರಿನ ತುಂಟರು ನಗೆಯಾಡಿದರು.

ಸೀಸರ್ ಗಾಲ್ ದೇಶಕ್ಕೆ ಹೋಗಿ ಎಂಟು ಒಂಬತ್ತು ವರ್ಷ ಕಾದಾಡಿ ಅದನ್ನು ಗೆದ್ದ ಕಥೆಯನ್ನು ಇಲ್ಲಿ ಹೇಳುವುದಿಲ್ಲ. ಕ್ರಾಸಸ್ ಪಾರ್ಥಿಯನ್ನರ ಕೈಯಲ್ಲಿ ಸತ್ತ. ಉಳಿದವರು ಇಬ್ಬರೇ. ಪಾಂಪೆ ಈಗ ಸೆನೆಟ್‌ನ ಪಕ್ಷ. ಕ್ರಿ.ಪೂ. 50ರ ಡಿಸೆಂಬರ್‌ನ ಒಂದು ದಿನದ ಬಗ್ಗೆ ಮಾತ್ರ ತುಸು ನಿಲ್ಲಬೇಕು. ಟ್ರಿಬ್ಯೂನ್ ಕ್ಯೂರಿಯೊ ಸೆನೆಟ್‌ನ ಮುಂದೆ ಒಂದು ಸರಳ ಸೂಚನೆ ಇಟ್ಟ: ಸೀಸರ್, ಪಾಂಪೆ ಇಬ್ಬರೂ ಏಕಕಾಲಕ್ಕೆ ಸೈನ್ಯ ಬಿಡಲಿ. ಮತ ಹಾಕಿದರು. ಪರವಾಗಿ 370, ವಿರುದ್ಧ 22. ಇಷ್ಟು ದೊಡ್ಡ ಬಹುಮತ ರೋಮ್‌ಗೆ ಶಾಂತಿ ಬೇಕಿತ್ತೆಂದು ಸಾರಿ ಹೇಳುತ್ತಿತ್ತು. ಆದರೆ ಕಾನ್ಸುಲ್ ಮಾರ್ಸೆಲಸ್ ಸಭೆಯನ್ನು ಅಲ್ಲಿಗೇ ಮುಗಿಸಿ, ಪಾಂಪೆಯ ಬಳಿಗೆ ಹೋಗಿ ಅವನ ಕೈಗೆ ಕತ್ತಿ ಕೊಟ್ಟು ಸೀಸರ್‌ನ ಮೇಲೆ ಹೊರಡು ಎಂದ. ಇಪ್ಪತ್ತೆರಡು ಮಂದಿಯ ಹಟ ಗೆದ್ದಿತು. ಮರುತಿಂಗಳು ಸೀಸರ್ ಒಂದೇ ಒಂದು ಲೀಜನ್ ಕಟ್ಟಿಕೊಂಡು ರುಬಿಕಾನ್ ಎಂಬ ಸಣ್ಣ ಗಡಿಹೊಳೆ ದಾಟಿ ಅಂತರ್ಯುದ್ಧಕ್ಕೆ ಇಳಿದ. ಇತಿಹಾಸದ ಪುಸ್ತಕಗಳಲ್ಲಿ ಆ ಹೊಳೆಗೆ ಸಿಕ್ಕ ಪ್ರಚಾರದಲ್ಲಿ ಅರ್ಧವಾದರೂ ಈ ಮತದಾನಕ್ಕೆ ಸಿಗಬೇಕಿತ್ತು.

ಸೀಸರ್ ಗೆದ್ದ. ಮೊದಲು ಹತ್ತು ವರ್ಷಕ್ಕೆ, ಕ್ರಿ.ಪೂ. 44ರಲ್ಲಿ ಜೀವಾವಧಿಗೆ ಸರ್ವಾಧಿಕಾರಿಯಾದ. ಸುಲಭವಾಗಿ ಕ್ಷಮಿಸುತ್ತಿದ್ದ, ಚುರುಕಾಗಿ ಕೆಲಸ ಮಾಡುತ್ತಿದ್ದ. ಕೆಟ್ಟುಹೋಗಿದ್ದ ಪಂಚಾಂಗವನ್ನು ಸರಿಪಡಿಸಲು ಕ್ರಿ.ಪೂ. 46ನೇ ವರ್ಷವನ್ನು 445 ದಿನಕ್ಕೆ ಎಳೆದ. ನಾವು ಇವತ್ತು ಗೋಡೆಗೆ ನೇತುಹಾಕುವ ಕ್ಯಾಲೆಂಡರಿನ ಮೂಲ ಅದೇ. ಆದರೆ ಹಳೆಯ ಸಂಪ್ರದಾಯಗಳ ಬಗ್ಗೆ ಅವನಿಗೆ ಅಸಡ್ಡೆ. ಕ್ರಿ.ಪೂ. 45ರ ಡಿಸೆಂಬರ್ 31ರಂದು ಒಬ್ಬ ಕಾನ್ಸುಲ್ ಸತ್ತಾಗ, ಮಿಕ್ಕ ಅರ್ಧ ದಿನಕ್ಕೆ ಕನೀನಿಯಸ್ ಎಂಬ ತನ್ನವನನ್ನು ಕಾನ್ಸುಲ್ ಮಾಡಿದ. ಈ ಕಾನ್ಸುಲ್‌ನ ಆಡಳಿತದಲ್ಲಿ ಯಾರೂ ಊಟ ಮಾಡಲಿಲ್ಲ, ಅವನಂತೂ ಎಷ್ಟು ಎಚ್ಚರದವನೆಂದರೆ ಅಧಿಕಾರದಲ್ಲಿದ್ದಷ್ಟು ಕಾಲ ಕಣ್ಣೇ ಮುಚ್ಚಲಿಲ್ಲ ಎಂದು ವಾಗ್ಮಿ ಸಿಸೆರೊ ಗೆಳೆಯನಿಗೆ ಕಾಗದ ಬರೆದ. ನಗೆಯ ಹಿಂದೆಯೇ, ನೀನು ಇಲ್ಲಿದ್ದರೆ ಅಳುತ್ತಿದ್ದೆ ಎಂಬ ಅರ್ಥದ ಮಾತನ್ನೂ ಸೇರಿಸಿದ. ಸೀಸರ್‌ನನ್ನು ಕೊಂದದ್ದು ಅವನ ಅಧಿಕಾರವಲ್ಲ, ಆ ಅಧಿಕಾರವನ್ನು ಮುಚ್ಚಿಡದೆ ಮೆರೆಸಿದ ರೀತಿ ಎಂದು ನನಗನಿಸುತ್ತದೆ. ಮಾರ್ಚ್ 15ರಂದು ಇಪ್ಪತ್ತಮೂರು ಇರಿತಗಳಿಗೆ ಅವನು ಬಿದ್ದದ್ದು ಪಾಂಪೆಯ ವಿಗ್ರಹದ ಬುಡದಲ್ಲಿ. ಮುಂದಿನದನ್ನು ಶೇಕ್ಸ್‌ಪಿಯರ್ ನಾಟಕದಿಂದ ನೀವೆಲ್ಲ ಬಲ್ಲಿರಿ.

ನಾಟಕದಲ್ಲಿ ಸಣ್ಣ ಪಾತ್ರವಾಗಿ ಬರುವ ಹುಡುಗನೇ ನಮ್ಮ ಕಥೆಯ ನಾಯಕ. ಮುಂದೆ ಆಗಸ್ಟಸ್ ಎನಿಸಿಕೊಂಡ ಈ ಆಕ್ಟೇವಿಯನ್ ಸೀಸರ್‌ನ ಸಹೋದರಿಯ ಮೊಮ್ಮಗ. ಆಗ ವಯಸ್ಸು ಹದಿನೆಂಟು. ಉಯಿಲಿನಲ್ಲಿ ಸೀಸರ್ ಅವನನ್ನು ದತ್ತು ತೆಗೆದುಕೊಂಡಿದ್ದ, ರೋಮ್‌ನ ಪ್ರತಿ ಪೌರನಿಗೂ 300 ಸೆಸ್ಟರ್ಸ್ ನಾಣ್ಯ ಬಿಟ್ಟಿದ್ದ. ಸೀಸರ್‌ನ ಬಲಗೈಯಾಗಿದ್ದ ಆಂಟನಿ ಆ ಹಣ ಕೊಡದೆ ಸತಾಯಿಸಿದಾಗ ಹುಡುಗ ತನ್ನ ಆಸ್ತಿ ಮಾರಿ ಜನರಿಗೆ ಹಂಚಿದ. ಸೀಸರ್‌ನ ಹಳೆಯ ಸೈನಿಕರು ಅವನತ್ತ ವಾಲಿದರು. ಮರುವರ್ಷ ಎಂಟು ಲೀಜನ್‌ಗಳೊಂದಿಗೆ ರೋಮ್‌ಗೆ ನುಗ್ಗಿ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಕಾನ್ಸುಲ್ ಆದ. ಆಂಟನಿ ಮತ್ತು ಸೀಸರ್‌ನ ಇನ್ನೊಬ್ಬ ಸೇನಾನಿ ಲೆಪಿಡಸ್ ಜೊತೆ ಒಪ್ಪಂದ ಮಾಡಿಕೊಂಡು ಸುಲ್ಲಾನ ಪಟ್ಟಿಗಳನ್ನು ಮತ್ತೆ ತೂಗುಹಾಕಿಸಿದ. ಅವನನ್ನು ಬೆನ್ನು ತಟ್ಟಿ ಬೆಳೆಸಿದ ಸಿಸೆರೊನ ಹೆಸರೂ ಪಟ್ಟಿಯಲ್ಲಿತ್ತು. ಕ್ರಿ.ಪೂ. 43ರ ಡಿಸೆಂಬರ್ 7ರಂದು ಕತ್ತರಿಸಿದ ಸಿಸೆರೊನ ತಲೆಯನ್ನೂ ಕೈಯನ್ನೂ ಅವನು ಎಷ್ಟೋ ಭಾಷಣ ಮಾಡಿದ ವೇದಿಕೆಯ ಮೇಲೆಯೇ ನೇತುಹಾಕಿದರು. ಸೈನಿಕರಿಗೆ ಭೂಮಿ ಕೊಡಲು ಇಟಲಿಯ ಹದಿನೆಂಟು ಸಮೃದ್ಧ ಪಟ್ಟಣಗಳ ಹೊಲಗಳನ್ನು ಗುರುತಿಸಿದರು. ಒಕ್ಕಲೆದ್ದ ರೈತರ ಗೋಳು ಕವಿ ವರ್ಜಿಲ್‌ನ ಕುರುಬರ ಹಾಡುಗಳಲ್ಲೂ ಇಣುಕುತ್ತದೆ.

ಆ ಒಪ್ಪಂದ ಮುರಿದುಬಿತ್ತು. ಕ್ರಿ.ಪೂ. 31ರ ಸೆಪ್ಟೆಂಬರ್ 2ರಂದು ಆಕ್ಟಿಯಂ ಕಡಲಯುದ್ಧದಲ್ಲಿ ಆಂಟನಿ ಮತ್ತು ಈಜಿಪ್ಟಿನ ರಾಣಿ ಕ್ಲಿಯೋಪಾತ್ರ ಅವನಿಗೆ ಸೋತರು. ಮರುವರ್ಷ ಈಜಿಪ್ಟಿನ ಖಜಾನೆ ಆಕ್ಟೇವಿಯನ್‌ನ ಕೈಸೇರಿತು. ಆ ಹಣ ರೋಮ್‌ಗೆ ಹರಿದಾಗ ಬಡ್ಡಿಯ ದರ ನೂರಕ್ಕೆ 12ರಿಂದ 4ಕ್ಕೆ ಇಳಿಯಿತಂತೆ. ಇಲ್ಲಿ ಅವನು ಸುಲ್ಲಾನಂತೆ ಮಾಡಲಿಲ್ಲ. ಸೈನಿಕರಿಗೆ ಕೊಟ್ಟ ಭೂಮಿಗೆ ಈ ಸಲ ದುಡ್ಡು ಕೊಟ್ಟ. ಇಟಲಿಯ ಹೊಲಗಳಿಗೆ ಸುಮಾರು 60 ಕೋಟಿ ಸೆಸ್ಟರ್ಸ್, ಪ್ರಾಂತ್ಯಗಳ ಹೊಲಗಳಿಗೆ ಸುಮಾರು 26 ಕೋಟಿ ಕೊಟ್ಟೆ ಎಂದು ತನ್ನ ಆತ್ಮವೃತ್ತಾಂತದಲ್ಲಿ ಬರೆಸಿದ್ದಾನೆ. ಆ ಬರಹ ಈಗಿನ ಟರ್ಕಿಯ ರಾಜಧಾನಿ ಅಂಕಾರಾದ ಒಂದು ಗುಡಿಯ ಗೋಡೆಗಳ ಮೇಲೆ ಲ್ಯಾಟಿನ್, ಗ್ರೀಕ್ ಎರಡರಲ್ಲೂ ಇದೆ. ಒಟ್ಟು ಮೂರು ಲಕ್ಷಕ್ಕೂ ಹೆಚ್ಚು ಸೈನಿಕರನ್ನು ನೆಲೆಗೊಳಿಸಿದೆ, ಇಲ್ಲವೇ ಅವರವರ ಊರಿಗೆ ಕಳಿಸಿದೆ ಎಂದೂ ಅದರಲ್ಲಿದೆ. ಗ್ರಾಕಸ್ ಸಹೋದರರು ಪ್ರಾಣ ಕೊಟ್ಟರೂ ಮುಗಿಯದ ಕೆಲಸ ಮುಗಿಯಿತು. ಮುಗಿಸಿದವನು ಒಬ್ಬ ವ್ಯಕ್ತಿ, ತನ್ನ ಹೆಸರಿನಲ್ಲಿ.

ಮೊದಲಿಗೆ ಹೇಳಿದ ಕ್ರಿ.ಪೂ. 27ರ ಸಭೆ ಇದಾದ ಮೇಲಿನದು. ನನ್ನ ಲೆಕ್ಕದಲ್ಲಿ ಅದಕ್ಕಿಂತ ಮುಖ್ಯವಾದದ್ದು ನಾಲ್ಕು ವರ್ಷದ ನಂತರದ ಏರ್ಪಾಡು. ಕ್ರಿ.ಪೂ. 23ರಲ್ಲಿ ಆಗಸ್ಟಸ್ ಸಾಯುವಷ್ಟು ಕಾಯಿಲೆ ಬಿದ್ದ. ಮೂಸಾ ಎಂಬ ವೈದ್ಯ ತಣ್ಣೀರ ಚಿಕಿತ್ಸೆಯಿಂದ ಉಳಿಸಿದ. ಎದ್ದು ಕೂತ ಮೇಲೆ ಆಗಸ್ಟಸ್, ವರ್ಷವರ್ಷವೂ ಹಿಡಿಯುತ್ತಿದ್ದ ಕಾನ್ಸುಲ್ ಹುದ್ದೆಯನ್ನು ಬಿಟ್ಟುಕೊಟ್ಟ. ಹುದ್ದೆಗೆ ಕಾಯುತ್ತಿದ್ದ ದೊಡ್ಡ ಮನೆತನದವರಿಗೆ ಹಿಗ್ಗು. ಬದಲಿಗೆ ಅವನು ಪಡೆದದ್ದು ಎರಡು. ಒಂದು, ಎಲ್ಲ ಪ್ರಾಂತ್ಯಾಧಿಕಾರಿಗಳ ಮೇಲೂ ನಡೆಯುವ ಸೇನಾಧಿಕಾರ. ಎರಡು, ಟ್ರಿಬ್ಯೂನ್‌ನ ಅಧಿಕಾರ, ಜೀವಮಾನವಿಡೀ. ಅವನು ಕುಲೀನ ವರ್ಗಕ್ಕೆ ಸೇರಿದವನಾದ್ದರಿಂದ ಟ್ರಿಬ್ಯೂನ್ ಆಗುವಂತಿರಲಿಲ್ಲ. ಸರಿ, ಹುದ್ದೆ ಬೇಡ, ಅದರ ಅಧಿಕಾರ ಮಾತ್ರ ಸಾಕು. ಮೈ ಮುಟ್ಟುವಂತಿಲ್ಲ, ಯಾವುದನ್ನೂ ತಡೆಯಬಹುದು, ಸಭೆ ಕರೆಯಬಹುದು, ಕಾಯಿದೆ ತರಬಹುದು. ಟೈಬೀರಿಯಸ್ ಗ್ರಾಕಸ್ ಎರಡನೆಯ ವರ್ಷಕ್ಕೆ ಕೇಳಿದನೆಂದು ಬೆಂಚಿನ ಕಾಲಿನಿಂದ ಬಡಿಸಿಕೊಂಡು ಸತ್ತ ಅದೇ ಅಧಿಕಾರ. ಮುಂದಿನ ಚಕ್ರವರ್ತಿಗಳೆಲ್ಲ ತಮ್ಮ ಆಳ್ವಿಕೆಯ ವರ್ಷಗಳನ್ನು ಎಣಿಸಿದ್ದು ಇದರಿಂದಲೇ. ಹೊಲದ ಖಾತೆ ಗಣರಾಜ್ಯದ ಹೆಸರಿನಲ್ಲೇ ಉಳಿಯಿತು, ಉಳುಮೆ ಫಸಲು ಎರಡೂ ಆಗಸ್ಟಸ್‌ನದಾದವು.

ಜನರು ಇದನ್ನು ಮೋಸವೆಂದು ಕಂಡರೇ? ಮರುವರ್ಷ ಏನಾಯಿತು ನೋಡಿ. ಟೈಬರ್ ಉಕ್ಕಿ, ರೋಗ ಹರಡಿ, ಧಾನ್ಯ ಸಿಗದಾಯಿತು. ಆಗಸ್ಟಸ್ ಕಾನ್ಸುಲ್ ಆಗಿಲ್ಲದ್ದಕ್ಕೇ ಈ ಕಷ್ಟ ಎಂದು ಜನ ನಂಬಿದರು. ಸೆನೆಟರ್‌ಗಳನ್ನು ಸಭಾಭವನದಲ್ಲಿ ಕೂಡಿಹಾಕಿ, ಅವನನ್ನು ಸರ್ವಾಧಿಕಾರಿ ಮಾಡದಿದ್ದರೆ ಒಳಗಿದ್ದಂತೆಯೇ ಬೆಂಕಿ ಇಡುತ್ತೇವೆ ಎಂದರು. ಆಗಸ್ಟಸ್ ಮೊಣಕಾಲೂರಿ, ಮೇಲುಡುಪನ್ನು ಎಳೆದು ಎದೆ ತೆರೆದು, ಆ ಪದವಿ ಮಾತ್ರ ಬೇಡ ಎಂದು ಬೇಡಿಕೊಂಡ. ಧಾನ್ಯದ ಮೇಲ್ವಿಚಾರಣೆಯನ್ನು ಮಾತ್ರ ವಹಿಸಿಕೊಂಡು ಕೆಲವೇ ದಿನಗಳಲ್ಲಿ ಕೊರತೆ ನೀಗಿಸಿದ. ಸೀಸರ್ ಜೀವ ತೆತ್ತು ಕಲಿಸಿದ ಪಾಠವನ್ನು ಇವನು ಎಷ್ಟು ಚೆನ್ನಾಗಿ ಕಲಿತಿದ್ದ!

ಪ್ರಾಂತ್ಯಗಳ ಜನರಿಗಂತೂ ಗಣರಾಜ್ಯ ಹೋದದ್ದಕ್ಕೆ ಕಣ್ಣೀರು ಬರಲು ಕಾರಣವಿರಲಿಲ್ಲ. ಅವರು ಕಂಡ ಗಣರಾಜ್ಯವೆಂದರೆ, ವರ್ಷಕ್ಕೊಬ್ಬ ಬಂದು ಚುನಾವಣೆಯ ಸಾಲ ತೀರಿಸಿಕೊಳ್ಳಲು ದೋಚುವ ಅಧಿಕಾರಿ, ತೆರಿಗೆಯನ್ನು ಗುತ್ತಿಗೆ ಹಿಡಿದ ಕಂಪನಿಗಳು. ಸಿಸಿಲಿಯನ್ನು ಮೂರು ವರ್ಷ ಸುಲಿದ ವೆರೆಸ್‌ನ ಮೇಲೆ ಸಿಸೆರೊ ಕ್ರಿ.ಪೂ. 70ರಲ್ಲಿ ಮೊಕದ್ದಮೆ ನಡೆಸಿದ. ಗುಡಿಯ ವಿಗ್ರಹಗಳನ್ನೂ ಬಿಡದ ಆಸಾಮಿ ವೆರೆಸ್. ಸಿಕ್ಕಿಬಿದ್ದದ್ದು ಅವನೊಬ್ಬ, ಸಿಗದವರು ಹಲವರು. ದೂರದಲ್ಲಿ ಒಬ್ಬ ಒಡೆಯನಿದ್ದರೆ ಈ ಅಧಿಕಾರಿಗಳಿಗೆ ಸ್ವಲ್ಪ ಅಂಜಿಕೆಯಾದರೂ ಇರುತ್ತದೆ. ಚಕ್ರವರ್ತಿಗಳನ್ನು ಒಂದಿಷ್ಟೂ ಪ್ರೀತಿಸದ ಇತಿಹಾಸಕಾರ ಟ್ಯಾಸಿಟಸ್ ಕೂಡ ಪ್ರಾಂತ್ಯಗಳಿಗೆ ಹೊಸ ವ್ಯವಸ್ಥೆ ಅಪ್ರಿಯವಾಗಿರಲಿಲ್ಲ ಎಂದು ಒಪ್ಪಿಕೊಂಡಿದ್ದಾನೆ.

ಸೈನಿಕರ ಪ್ರಶ್ನೆಗೆ ಕೊನೆಯ ಮೊಳೆ ಹೊಡೆದದ್ದು ಕ್ರಿ.ಶ. 6ರಲ್ಲಿ. ನಿವೃತ್ತರಾಗುವ ಸೈನಿಕರಿಗೆಂದೇ ಪ್ರತ್ಯೇಕ ಖಜಾನೆ. ಆಗಸ್ಟಸ್ ತನ್ನ ಕೈಯಿಂದ 17 ಕೋಟಿ ಸೆಸ್ಟರ್ಸ್ ಹಾಕಿದ. ಮುಂದಕ್ಕೆ ಅದು ತುಂಬುವಂತೆ ವಾರಸುದಾರಿಕೆಯ ಆಸ್ತಿಯ ಮೇಲೆ ನೂರಕ್ಕೆ ಐದು, ಹರಾಜಿನ ಮೇಲೆ ನೂರಕ್ಕೆ ಒಂದು ತೆರಿಗೆ ಹಾಕಿದ. ಸೇವೆ ಮುಗಿಸಿದ ಸಾಮಾನ್ಯ ಸೈನಿಕನಿಗೆ 12,000 ಸೆಸ್ಟರ್ಸ್. ಅವನ ಹದಿಮೂರು ವರ್ಷಕ್ಕೂ ಮೀರಿದ ಸಂಬಳ ಅದು. ಸೆನೆಟರ್‌ಗಳು ಈ ವಾರಸಾ ತೆರಿಗೆಗೆ ಬಾಯಿ ಬಡಿದುಕೊಂಡರು. ಸುಮಾರು ನೂರನಲವತ್ತು ವರ್ಷದ ಹಿಂದೆ ಇವರ ಮುತ್ತಜ್ಜಂದಿರು ಇದರ ಒಂದು ಪಾಲನ್ನು ಮನಸ್ಸಿಟ್ಟು ಕೊಟ್ಟಿದ್ದರೆ ಏನಾಗುತ್ತಿತ್ತೋ!

ಇನ್ನೊಂದು ತೊಡಕು ಉಳಿದಿತ್ತು. ರಾಜನಲ್ಲದವನಿಗೆ ಯುವರಾಜ ಹೇಗಿರಲು ಸಾಧ್ಯ? ಇದಕ್ಕೆ ಆಗಸ್ಟಸ್ ಕಂಡುಕೊಂಡ ಉಪಾಯವನ್ನು ನಾವು ಕರ್ನಾಟಕದಲ್ಲಿ ಕುಳಿತೇ ಊಹಿಸಿಕೊಳ್ಳಬಹುದು. ಮೆಣಸು, ಮುತ್ತು, ಬಟ್ಟೆಗಳಿಗೆ ಬದಲಾಗಿ ದಕ್ಷಿಣ ಭಾರತಕ್ಕೆ ಹರಿದುಬಂದ ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಆಗಸ್ಟಸ್ ಮತ್ತು ಅವನ ನಂತರದ ಚಕ್ರವರ್ತಿ ಟೈಬೀರಿಯಸ್ ಕಾಲದವು ಬಹಳ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ ಅಂಥವು ಸಿಕ್ಕಿವೆ. ದಕ್ಷಿಣದಲ್ಲಿ ಸಿಕ್ಕ ಆಗಸ್ಟಸ್ ನಾಣ್ಯಗಳಲ್ಲಿ ಒಂದು ಬಗೆಯದು ಎದ್ದು ಕಾಣುವಷ್ಟು ಹೆಚ್ಚು. ಒಂದು ಮುಖದಲ್ಲಿ ಆಗಸ್ಟಸ್‌ನ ತಲೆ. ಇನ್ನೊಂದರಲ್ಲಿ ಗುರಾಣಿ, ಭರ್ಜಿಗಳನ್ನು ಹಿಡಿದು ನಿಂತ ಇಬ್ಬರು ಹುಡುಗರು. ಅವರು ಅವನ ಮಗಳು ಜೂಲಿಯಾಳ ಮಕ್ಕಳು, ಗಾಯಸ್ ಮತ್ತು ಲೂಸಿಯಸ್. ತಾತನೇ ಅವರನ್ನು ದತ್ತು ತೆಗೆದುಕೊಂಡಿದ್ದ. ಸುತ್ತಲಿನ ಬರಹ ಅವರನ್ನು ಮುಂದಿನ ಕಾನ್ಸುಲ್‌ಗಳು ಎನ್ನುತ್ತದೆ. ಗಾಯಸ್‌ನನ್ನು ಹಾಗೆ ಆರಿಸಿದಾಗ ಅವನಿಗೆ ಹದಿನಾಲ್ಕು ವರ್ಷ. ನಲವತ್ತೆರಡನ್ನು ನೆನಪಿನಲ್ಲಿಡಿ ಎಂದೆನಲ್ಲ, ಅದು ಇಲ್ಲಿಗೆ ಬಂದು ನಿಂತಿತ್ತು. ಆಗಸ್ಟಸ್ ಬಾಯಲ್ಲಿ ಬೇಡ ಎಂದ, ಇಪ್ಪತ್ತು ತುಂಬಿದ ಮೇಲೆ ಹುದ್ದೆ ಹಿಡಿಯಲಿ ಎಂದು ಒಪ್ಪಿಕೊಂಡ. ಇಬ್ಬರೂ ಎಳೆಯ ವಯಸ್ಸಿನಲ್ಲೇ ಸತ್ತರು. ಆಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ಹೆಂಡತಿಯ ಮೊದಲ ಗಂಡನ ಮಗ ಟೈಬೀರಿಯಸ್‌ನನ್ನು ದತ್ತು ತೆಗೆದುಕೊಂಡು, ಟ್ರಿಬ್ಯೂನ್‌ನ ಅಧಿಕಾರವನ್ನು ಅವನಿಗೂ ಕೊಡಿಸಿದ.

ಕ್ರಿ.ಶ. 14ರ ಆಗಸ್ಟ್ 19ರಂದು ಆಗಸ್ಟಸ್ ತೀರಿಕೊಂಡ. ಊರು ನೋಲಾ, ಸುಲ್ಲಾನ ಸೈನಿಕರು ರೋಮ್‌ನತ್ತ ಹೊರಟ ಅದೇ ಊರು. ಕಾನ್ಸುಲ್‌ಗಳು ಮೊದಲಾಗಿ ಎಲ್ಲರೂ ಟೈಬೀರಿಯಸ್‌ಗೆ ನಿಷ್ಠೆಯ ಪ್ರಮಾಣ ಮಾಡಿದರು. ಅವನು ಸೆನೆಟ್‌ನಲ್ಲಿ ಇಷ್ಟು ದೊಡ್ಡ ಭಾರ ನನಗೆ ಬೇಡ ಎಂದು ತಡವರಿಸುತ್ತಾ ನಿಂತ. ಆ ವರ್ಷವೇ ಹುದ್ದೆಗಳ ಚುನಾವಣೆ ಜನರ ಬಯಲಿನಿಂದ ಸೆನೆಟ್‌ನೊಳಕ್ಕೆ ಹೋಯಿತು. ಜನ ಒಂದಿಷ್ಟು ಗೊಣಗಿ ಸುಮ್ಮನಾದರು. ಗಣರಾಜ್ಯವನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ ಉಳಿದಿದ್ದರು ಎಂದು ಟ್ಯಾಸಿಟಸ್ ಕೇಳುತ್ತಾನೆ.

ಗಣರಾಜ್ಯವನ್ನು ಮರಳಿ ತರಲು ಒಂದು ಅವಕಾಶ ಸಿಕ್ಕಿತ್ತು, ಕ್ರಿ.ಶ. 41ರ ಜನವರಿಯಲ್ಲಿ. ಕಾಲಿಗುಲ ಚಕ್ರವರ್ತಿಯನ್ನು ಅವನ ಕಾವಲುಪಡೆಯ ಅಧಿಕಾರಿಗಳೇ ಕೊಂದರು. ವಾರಸುದಾರ ಯಾರೆಂದು ಗೊತ್ತಾಗಿರಲಿಲ್ಲ. ಸೆನೆಟ್ ಕ್ಯಾಪಿಟಲ್ ಬೆಟ್ಟದ ಮೇಲೆ ಸೇರಿತು. ಅಂದಿನ ರಾತ್ರಿ ಕಾವಲಿಗೆ ಗುಟ್ಟಿನ ಪದ ಕೊಡಿ ಎಂದು ಅಧಿಕಾರಿ ಬಂದು ಕೇಳಿದ್ದು ಕಾನ್ಸುಲ್‌ಗಳನ್ನು. ಅವರು ಕೊಟ್ಟ ಪದ ಸ್ವಾತಂತ್ರ್ಯ. ಭಾಷಣಗಳು ನಡೆದವು. ಆದರೆ ಚಕ್ರವರ್ತಿಯೇ ಬೇಡ ಎಂಬ ಮಾತು ನಿಧಾನವಾಗಿ ನಮ್ಮಲ್ಲಿ ಯಾರು ಚಕ್ರವರ್ತಿಯಾಗಬೇಕು ಎಂಬುದರತ್ತ ಹೊರಳಿತು. ಅಷ್ಟು ಹೊತ್ತಿಗೆ ಅರಮನೆಯಲ್ಲಿ ಪರದೆಯ ಹಿಂದೆ ಅವಿತಿದ್ದ ಕ್ಲಾಡಿಯಸ್ ಎಂಬ ಐವತ್ತರ ಹತ್ತಿರದವನನ್ನು ಕಾವಲುಪಡೆಯವರು ಹಿಡಿದು, ತಮ್ಮ ಶಿಬಿರಕ್ಕೆ ಹೊತ್ತುಕೊಂಡು ಹೋಗಿದ್ದರು. ತಲೆಗೆ 15,000 ಸೆಸ್ಟರ್ಸ್ ಕೊಡುತ್ತೇನೆಂದು ಅವನು ಮಾತುಕೊಟ್ಟ. ಬೆಳಗಾಗುವಷ್ಟರಲ್ಲಿ ಸೆನೆಟ್‌ನ ಕಡೆಗಿದ್ದ ಸೈನಿಕರೂ ಶಿಬಿರದತ್ತ ನಡೆದರು. ಸೆನೆಟರ್‌ಗಳು ಅವರ ಹಿಂದೆ ಹೋದರು. ಕ್ಲಾಡಿಯಸ್‌ಗೆ ಎಲ್ಲ ಅಧಿಕಾರಗಳನ್ನೂ ಕ್ರಮಬದ್ಧವಾಗಿ ಮತ ಹಾಕಿಯೇ ಕೊಟ್ಟರು. ಮರುವರ್ಷ ಅವನು ತನ್ನ ಜೊತೆಗೊಬ್ಬನನ್ನು ಸೇರಿಸಿಕೊಂಡು ಕಾನ್ಸುಲ್ ಆದ. ಕಾನ್ಸುಲ್‌ಗಳ ನೇಮಕ ಮುಂದೆಯೂ ನಡೆಯುತ್ತಲೇ ಹೋಯಿತು. ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ಗೆ ಹೋದ ಮೇಲೂ, ರೋಮ್ ಗಾಥರ ಕೈಸೇರಿದ ಮೇಲೂ ನಿಲ್ಲಲಿಲ್ಲ. ಸಾಮಾನ್ಯ ಪೌರನೊಬ್ಬ ಕೊನೆಯ ಬಾರಿಗೆ ಕಾನ್ಸುಲ್ ಆದದ್ದು ಕ್ರಿ.ಶ. 541ರಲ್ಲಿ.